ಕಾಫಿ ಸೀಮೆಯ ಕ್ಯಾಥೋಲಿಕ್ ಜನಪದ: ವಿಶ್ವಾಸ, ಧರ್ಮಸಭೆಯ ಅಧಿಕಾರ ಮತ್ತು ವಿವೇಚನೆ

ಮಲೆನಾಡಿನ ಭೂತಾರಾಧನೆ, ನಾಗಾರಾಧನೆ, ಚೌಡಿ-ಮಾರಿಯರ ಆರಾಧನೆಗಳಿಗೆ ಕರ್ನಾಟಕದ ಜಾನಪದ ಅಧ್ಯಯನವು ಕೊಟ್ಟಿರುವ ಗಮನಕ್ಕೆ ಹೋಲಿಸಿದರೆ ಅದೇ ನೆಲದ ಕ್ರೈಸ್ತ ಜನಪದಕ್ಕೆ ದೊರೆತಿರುವ ಗಮನ ಕಡಿಮೆ. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಸುತ್ತಣ ಕಾಫಿ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನೆಲೆಗೊಳ್ಳುತ್ತ ಬಂದ ಕ್ಯಾಥೋಲಿಕ್ ಕುಟುಂಬಗಳ ಆಚರಣೆಗಳನ್ನು ಕುರಿತು ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ರೋಮಿನಿಂದ ಬಂದ ಅಪ್ಪಣೆಗಳು ದೇಶೀಯ ಕಟ್ಟಳೆಗಳನ್ನು ಅಳಿಸಿಹಾಕಿದವು ಎಂಬುದು ಒಂದು. ಮತ ಬದಲಾದರೂ ಜನರು ಹಳೆಯ ಆಚರಣೆಗಳನ್ನು ಮರೆಯಲ್ಲಿ ಉಳಿಸಿಕೊಂಡರು ಎಂಬುದು ಇನ್ನೊಂದು. ವಿಶ್ವಾಸಕ್ಕೆ ಸಲ್ಲುವುದು ಯಾವುದು, ಸಲ್ಲದ್ದು ಯಾವುದು ಎಂಬ ಗೆರೆ ಒಮ್ಮೆಗೇ ಎಳೆಯಲ್ಪಟ್ಟು ಸ್ಥಿರವಾಗಿ ನಿಂತಿತ್ತೆಂದು ಇವೆರಡೂ ಭಾವಿಸುತ್ತವೆ. ಚರಿತ್ರೆ ತೋರಿಸುವುದು ಬೇರೆಯೇ. ಆ ಗೆರೆಯನ್ನು ಅದೇ ಧರ್ಮಸಭೆ ನಾಲ್ಕು ಶತಮಾನಗಳಲ್ಲಿ ಹಲವು ಸಲ ಅಳಿಸಿ ಮರಳಿ ಎಳೆದಿದೆ. ಹಾಗೆ ಎಳೆದಾಗಲೆಲ್ಲ ಅದರ ಪರಿಣಾಮವನ್ನು ಮೊದಲು ಉಂಡವರು ಹೆಂಗಸರು, ಕೂಲಿಕಾರರು ಮತ್ತು ದಲಿತರು. ಈ ಬದಲಾವಣೆಯ ಹಿಂದಿರುವ ವಿವೇಚನೆಯ ಕ್ರಮವನ್ನು ಕಾಫಿ ಸೀಮೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಘಟ್ಟ ಹತ್ತಿದವರು

ಕಾಫಿ ಸೀಮೆಯ ಕ್ಯಾಥೋಲಿಕರು ಒಂದೇ ಮೂಲದವರಲ್ಲ. ಚಾರ್ಮಾಡಿ, ಶಿರಾಡಿ ಮೊದಲಾದ ಘಟ್ಟದ ದಾರಿಗಳಲ್ಲಿ ಕೆನರಾ ಕರಾವಳಿಯಿಂದ ಮೇಲೆ ಬಂದ ಕೊಂಕಣಿ ಮಾತಿನವರು ಮೊದಲ ಗುಂಪು. ಇವರಲ್ಲಿ ಕೂಲಿಯಾಳು, ಮೇಸ್ತ್ರಿ, ರೈಟರ್, ತೋಟದ ಮಾಲೀಕ ಎಲ್ಲರೂ ಇದ್ದಾರೆ. ಹಾಸನದ ಬಳಿಯ ಸತ್ತಹಳ್ಳಿ, ಶೆಟ್ಟಿಹಳ್ಳಿಗಳಂಥ ಹಳೆಯ ಮೈಸೂರು ಸೀಮೆಯ ಊರುಗಳ ಕನ್ನಡ ಮಾತಿನ ಕೃಷಿಕ ಕ್ರೈಸ್ತರು ಎರಡನೆಯವರು. ತೋಟದ ಕೆಲಸಕ್ಕೆ ಬಂದ ತಮಿಳು ಮಾತಿನವರು ಮೂರನೆಯವರು. ಕೇರಳದಿಂದ ಬಂದು ನೆಲೆಸಿದ ಮಲಯಾಳಿ ಕೃಷಿಕರು ಕೊನೆಯವರು. ಇವರಲ್ಲಿ ಸಿರೋ-ಮಲಬಾರ್ ಸಂಪ್ರದಾಯಕ್ಕೆ ಸೇರಿದವರಿಗಾಗಿ ಮಲೆನಾಡಿನಲ್ಲಿ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು.

ಆಡಳಿತದ ದೃಷ್ಟಿಯಿಂದಲೂ ಈ ಸೀಮೆ ಹಲವು ಕೈಗಳನ್ನು ಕಂಡಿದೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದನು. 1773ರಲ್ಲಿ ಯೇಸುಸಭೆ ವಿಸರ್ಜನೆಗೊಂಡ ಮೇಲೆ ಆ ಕ್ಷೇತ್ರ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಕೈಗೆ ಬಂದಿತು. 1850ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯೇಟ್ ಆಯಿತು. 1940ರಲ್ಲಿ ಬೆಂಗಳೂರು ಮತ್ತು ಮೈಸೂರು ಬೇರೆಯಾದವು. 1963ರ ನವೆಂಬರ್ 16ರಂದು ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ಅಸ್ತಿತ್ವಕ್ಕೆ ಬಂದಿತು. 1988ರಲ್ಲಿ ಶಿವಮೊಗ್ಗ ಅದರಿಂದ ಪ್ರತ್ಯೇಕಗೊಂಡಿತು. ಇತ್ತ ಕರಾವಳಿಯಿಂದ ಬಂದವರ ಮೂಲ ಚರ್ಚುಗಳು ಮೊದಲು ಗೋವೆಯ, ಬಳಿಕ ಮಂಗಳೂರಿನ ಅಧೀನದಲ್ಲಿದ್ದವು. ಹೀಗಾಗಿ ಒಂದೇ ತೋಟದ ಲೈನಿನಲ್ಲಿ ಅಕ್ಕಪಕ್ಕದ ಎರಡು ಮನೆಗಳು ಬೇರೆ ಬೇರೆ ಅಧಿಕಾರ ಪರಂಪರೆಗಳ ಕಟ್ಟಳೆಗಳನ್ನು ಹೊತ್ತು ತಂದಿದ್ದವು. ಒಂದು ಮನೆಯ ಮದುವೆಯಲ್ಲಿ ಸಹಜವೆನಿಸಿದ್ದು ಇನ್ನೊಂದು ಮನೆಗೆ ಪ್ರಶ್ನೆಯಾಗುವ ಸಂದರ್ಭ ಇಲ್ಲಿ ಮೊದಲಿನಿಂದಲೂ ಇದ್ದಿತು.

ವಿಶ್ವಾಸ, ಅಧಿಕಾರ, ವಿವೇಚನೆ

ಮುಂದಿನ ಚರ್ಚೆಗೆ ಮೂರು ಪರಿಕಲ್ಪನೆಗಳ ಅರ್ಥ ಸ್ಪಷ್ಟವಾಗಬೇಕು. ಕ್ಯಾಥೋಲಿಕ್ ಬೋಧನೆಯಲ್ಲಿ ವಿಶ್ವಾಸವೆಂದರೆ ದೇವರು ತನ್ನನ್ನು ಪ್ರಕಟಪಡಿಸಿಕೊಂಡುದಕ್ಕೆ ಮನುಷ್ಯನು ಬುದ್ಧಿ ಮತ್ತು ಸಂಕಲ್ಪಗಳೆರಡರಿಂದಲೂ ಸ್ವತಂತ್ರವಾಗಿ ಕೊಡುವ ಒಪ್ಪಿಗೆ. ಆ ವಿಶ್ವಾಸ ವಿವೇಕಕ್ಕೆ ವಿರೋಧಿಯಲ್ಲವೆಂದು 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಹೇಳಿತು. ಬೋಧನಾಧಿಕಾರವು ದೇವವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಯಲ್ಲಿರುವಂಥದು ಎಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿತು.

ಅಧಿಕಾರದ ಎಲ್ಲ ಮಾತುಗಳಿಗೂ ಒಂದೇ ತೂಕವಿಲ್ಲವೆಂಬುದು ಇಲ್ಲಿ ಮುಖ್ಯ. ವಿಶ್ವಾಸಪ್ರಮಾಣದಲ್ಲಿ ಬರುವ ಸತ್ಯಗಳಿಗೆ ಪೂರ್ಣ ಒಪ್ಪಿಗೆ ಬೇಕು. ಪೋಪರ ಮತ್ತು ಧರ್ಮಾಧ್ಯಕ್ಷರ ಸಾಮಾನ್ಯ ಬೋಧನೆಗೆ ಗೌರವಪೂರ್ವಕ ವಿಧೇಯತೆ ಸಲ್ಲುತ್ತದೆ. ಉಪವಾಸ, ವಿಧಿ, ಭಾಷೆ, ಉಡುಪುಗಳಿಗೆ ಸಂಬಂಧಿಸಿದ ಶಿಸ್ತಿನ ನಿಯಮಗಳನ್ನು ಪಾಲಿಸಬೇಕಾದರೂ ಅವು ಕಾಲಕ್ಕೆ ತಕ್ಕಂತೆ ಬದಲಾಗಬಹುದು. ದರ್ಶನ, ಪವಾಡ, ಖಾಸಗಿ ಪ್ರಕಟಣೆಗಳ ವಿಷಯದಲ್ಲಂತೂ ಧರ್ಮಸಭೆ ಅನುಮೋದಿಸಿದ ಮೇಲೆಯೂ ಅವುಗಳನ್ನು ನಂಬಲೇಬೇಕೆಂಬ ಕಟ್ಟುಪಾಡಿಲ್ಲ.

ಇವುಗಳ ನಡುವೆ ಬೇರ್ಪಡಿಸಿ ನೋಡುವ ಕ್ರಿಯೆಯೇ ವಿವೇಚನೆ. ಆತ್ಮದ ಪ್ರೇರಣೆಯನ್ನು ನಂದಿಸದೆ ಎಲ್ಲವನ್ನೂ ಪರೀಕ್ಷಿಸಬೇಕೆಂಬ ಸಂತ ಪೌಲನ ಸಲಹೆ, ಪ್ರತಿಯೊಂದು ಆತ್ಮವನ್ನೂ ಒರೆಗೆ ಹಚ್ಚಬೇಕೆಂಬ ಯೊವಾನ್ನನ ಪತ್ರದ ಮಾತು ಇದರ ಮೂಲ. ಲೊಯೋಲದ ಇಗ್ನಾಸಿಯು 1548ರಲ್ಲಿ ಪೋಪರ ಅನುಮೋದನೆ ಪಡೆದ ತನ್ನ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಇದಕ್ಕೆ ಕ್ರಮಬದ್ಧ ನಿಯಮಗಳನ್ನು ಕೊಟ್ಟನು. ಒಂದು ಪ್ರೇರಣೆ ಎಲ್ಲಿಂದ ಬಂದಿತು, ಅದು ಎಲ್ಲಿಗೆ ಒಯ್ಯುತ್ತದೆ, ಕೊನೆಯಲ್ಲಿ ಉಳಿಸಿಹೋಗುವುದು ಶಾಂತಿಯನ್ನೋ ಕಳವಳವನ್ನೋ ಎಂದು ನೋಡುವುದು ಆ ನಿಯಮಗಳ ಸಾರ. ಮೈಸೂರು ಮಿಷನ್ನನ್ನು ಕಟ್ಟಿದವರು ಈ ಇಗ್ನಾಸಿಯ ಸಭೆಯವರೇ. ವಿವೇಚನೆಯ ದೊಡ್ಡ ಪರೀಕ್ಷೆಯೂ ಅವರ ಕಾಲದಲ್ಲಿಯೇ ಎದುರಾಯಿತು.

ಆಚರಣೆಗಳ ವಿವಾದ ಮತ್ತು ಮೈಸೂರು

ಮಧುರೆಯಲ್ಲಿ ರಾಬರ್ಟೊ ಡಿ ನೊಬಿಲಿ 1606ರಿಂದ ಸಂನ್ಯಾಸಿಯ ವೇಷದಲ್ಲಿ ಬದುಕಿ, ಜನಿವಾರ, ಜುಟ್ಟು, ಗಂಧಗಳು ಕುಲದ ಮರ್ಯಾದೆಯೇ ಹೊರತು ದೇವರ ಪೂಜೆಯಲ್ಲವೆಂದು ವಾದಿಸಿದನು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಕೆಲವು ಷರತ್ತುಗಳೊಡನೆ ಅದಕ್ಕೆ ಒಪ್ಪಿಗೆ ಕೊಟ್ಟರು. ಮೈಸೂರಿನ ಗುರುಗಳೂ ಇದೇ ಹಾದಿ ಹಿಡಿದರು. ಮರ್ಯಾದೆ ಬೇರೆ, ಪೂಜೆ ಬೇರೆ ಎಂಬ ಭೇದದ ಮೇಲೆಯೇ ಈ ಇಡೀ ವ್ಯವಸ್ಥೆ ನಿಂತಿತ್ತು.

1703ರಲ್ಲಿ ಪೋಪರ ಪ್ರತಿನಿಧಿಯಾಗಿ ಪುದುಚೇರಿಗೆ ಬಂದ ಟೂರ್ನೋ ಈ ಭೇದವನ್ನು ಬಹುಪಾಲು ಒಪ್ಪಲಿಲ್ಲ. ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್ನುಗಳಿಗೆ ಅನ್ವಯಿಸುವಂತೆ ಆತನು ಹೊರಡಿಸಿದ ಆಜ್ಞೆಯ ಕಲಮುಗಳು ಜಾನಪದ ವಿದ್ವಾಂಸರಿಗೆ ಒಂದು ಕ್ಷೇತ್ರಕಾರ್ಯದ ಟಿಪ್ಪಣಿಯಂತೆ ಕಾಣುತ್ತವೆ. ಪಿಳ್ಳೆಯಾರನ ಬಿಂಬವುಳ್ಳ ತಾಳಿ ಕಟ್ಟಬಾರದು, ಅರಿಸಿನದ ದಾರದ ಎಳೆಗಳನ್ನು ಎಣಿಸಿ ಪೋಣಿಸಬಾರದು, ಮದುವೆಯಲ್ಲಿ ಶಕುನಕ್ಕಾಗಿ ತೆಂಗಿನಕಾಯಿ ಒಡೆಯಬಾರದು, ಹುಡುಗಿ ಮೈನೆರೆದಾಗ ಹಬ್ಬ ಮಾಡಬಾರದು, ವಿಭೂತಿ ಧರಿಸಬಾರದು, ಕ್ರೈಸ್ತ ವಾದ್ಯಗಾರರು ದೇವಸ್ಥಾನದ ಉತ್ಸವಗಳಲ್ಲಿ ನುಡಿಸಬಾರದು ಎಂದೆಲ್ಲ ಅದರಲ್ಲಿ ಹೇಳಿತ್ತು. ಇದೇ ಆಜ್ಞೆಯಲ್ಲಿ ಬೇರೆ ಬಗೆಯ ಕಲಮುಗಳೂ ಇದ್ದವು. ಮುಟ್ಟಾದ ಹೆಂಗಸರನ್ನು ಸಂಸ್ಕಾರಗಳಿಂದ ದೂರವಿಡಕೂಡದು, ಗುರುಗಳು ಅಸ್ಪೃಶ್ಯರೆನಿಸಿದವರ ಮನೆಯೊಳಗೆ ಹೋಗಿ ರೋಗಿಗಳಿಗೆ ಸಂಸ್ಕಾರ ಕೊಡಲೇಬೇಕು ಎಂಬವು ಅವು.

ಈ ಎರಡು ಬಗೆಯ ಕಲಮುಗಳನ್ನು ಒಟ್ಟಿಗೆ ಓದಬೇಕು. ತಾಳಿ, ಅರಿಸಿನ, ವಾದ್ಯಗಳ ವಿಷಯದಲ್ಲಿ ಹೊರಗಿನಿಂದ ಬಂದ ಅಧಿಕಾರಿಯೊಬ್ಬನು ಸ್ಥಳೀಯ ಅರ್ಥವನ್ನು ತಿಳಿಯದೆ ಅವಸರದಿಂದ ನಿಷೇಧಿಸಿದನೆಂದು ಹೇಳಬಹುದು. ಅಸ್ಪೃಶ್ಯತೆ ಮತ್ತು ಮುಟ್ಟಿನ ಮೈಲಿಗೆಯ ವಿಷಯದಲ್ಲಿ ಅದೇ ಅಧಿಕಾರಿ, ಮರ್ಯಾದೆಯೆಂಬ ಹೆಸರಿನಲ್ಲಿ ಅಡಗಿದ್ದ ಅನ್ಯಾಯವನ್ನು ಗುರುತಿಸಿದ್ದನು. ಸ್ಥಳೀಯ ಸಂಸ್ಕೃತಿಯನ್ನು ಚೆನ್ನಾಗಿ ಬಲ್ಲ ಗುರುಗಳು ಇದೇ ವಿಷಯದಲ್ಲಿ ಹಿಂಜರಿದರು. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ 1744ರಲ್ಲಿ ನಿಷೇಧಗಳನ್ನು ಬಹುತೇಕ ದೃಢಪಡಿಸಿ, ದಲಿತರ ಸೇವೆಗೆ ಪ್ರತ್ಯೇಕ ಗುರುಗಳನ್ನು ನೇಮಿಸುವ ಯೇಸುಸಭೆಯವರ ಸಲಹೆಯನ್ನು ಒಪ್ಪಿದರು. ಸಂಸ್ಕಾರ ದೊರೆಯಿತು, ಪಂಕ್ತಿ ಮಾತ್ರ ಬೇರೆಯೇ ಉಳಿಯಿತು. ಈ ಪೋಪರೇ ಪೋಪರಾಗುವ ಮೊದಲು, 1734ರಿಂದ 1738ರ ಅವಧಿಯಲ್ಲಿ, ಸಂತಪದವಿಯ ತನಿಖೆಯನ್ನು ಕುರಿತು ಬೃಹತ್ ಗ್ರಂಥ ಬರೆದು, ಪವಾಡ ಮತ್ತು ದರ್ಶನಗಳನ್ನು ಎಷ್ಟು ಸಂಶಯದಿಂದ ಪರೀಕ್ಷಿಸಬೇಕೆಂದು ನಿರೂಪಿಸಿದವರು.

ವಿವಾದದ ಫಲವನ್ನು ಮೈಸೂರಿನಲ್ಲಿ ಕಂಡವನು ಫ್ರೆಂಚ್ ಗುರು ಅಬ್ಬೆ ದುಬುವಾ. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಆತನು ಸತ್ತಹಳ್ಳಿಯಲ್ಲಿ ಕೃಷಿಕರ ನೆಲೆಯನ್ನು ಕಟ್ಟಿದನು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕ್ರಮ ಹರಡಲು ಶ್ರಮಿಸಿದನು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವನ ಗ್ರಂಥ 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1823ರಲ್ಲಿ ಭಾರತವನ್ನು ಬಿಟ್ಟ ವರ್ಷವೇ ಬಂದ ಅವನ ಪತ್ರಗಳಲ್ಲಿ ಮಿಷನ್ನಿನ ಇಳಿಗಾಲಕ್ಕೆ ಆಚರಣೆಗಳ ವಿವಾದವೂ ಒಂದು ಕಾರಣವೆಂಬ ಅಭಿಪ್ರಾಯವಿದೆ. ಸಿಡುಬು ಅಮ್ಮನ ಕೋಪವೆಂದು ನಂಬಿದ್ದ ಸಮಾಜದಲ್ಲಿ ಚುಚ್ಚುಮದ್ದನ್ನು ಮುಂದಿಟ್ಟುದು ಪ್ರವಚನಕ್ಕಿಂತ ಬೇರೆ ಬಗೆಯ ವಿವೇಚನೆ. ರೋಗವನ್ನು ಮನುಷ್ಯಪ್ರಯತ್ನದಿಂದ ತಡೆಯುವುದು ದೇವರ ಮೇಲಿನ ವಿಶ್ವಾಸಕ್ಕೆ ಕುಂದಲ್ಲವೆಂಬ ಬೋಧನೆ ಅಲ್ಲಿ ಕೆಲಸವಾಗಿ ಕಾಣಿಸಿಕೊಂಡಿತು.

ಕರಾವಳಿಯಿಂದ ಬಂದ ಕಟ್ಟಳೆಗಳು

ಕೊಂಕಣಿ ಕ್ಯಾಥೋಲಿಕರ ಹಿನ್ನೆಲೆಯಲ್ಲಿ ಇನ್ನೊಂದು ನಿಷೇಧಪಟ್ಟಿಯಿದೆ. 1736ರಲ್ಲಿ ಗೋವೆಯ ಇಂಕ್ವಿಸಿಷನ್ ಹೊರಡಿಸಿದ ಆಜ್ಞೆ ಮದುವೆಯಲ್ಲಿ ವಧೂವರರಿಗೆ ಅರಿಸಿನ, ತೆಂಗಿನೆಣ್ಣೆ, ತೆಂಗಿನಹಾಲು ಹಚ್ಚುವುದನ್ನೂ, ವೀಳ್ಯ ಹಂಚುವುದನ್ನೂ, ‘ವೋವಿಯೊ’ ಎಂಬ ಮದುವೆ ಹಾಡುಗಳನ್ನೂ, ಅಂಗಳದಲ್ಲಿ ತುಳಸಿ ನೆಡುವುದನ್ನೂ ತಡೆಯಿತು. ಕೆನರಾ ಪೋರ್ಚುಗೀಸರ ರಾಜ್ಯಾಡಳಿತದ ಹೊರಗಿದ್ದಿತು. ಗೋವೆಯ ಆರ್ಚ್‌ಬಿಷಪ್ಪರ ಧಾರ್ಮಿಕ ಅಧಿಕಾರ ಅಲ್ಲಿಗೆ ತಲುಪುತ್ತಿದ್ದರೂ ಇಂಕ್ವಿಸಿಷನ್ನಿನ ದಂಡ ತಲುಪುತ್ತಿರಲಿಲ್ಲ. ಆದುದರಿಂದ ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ‘ರೋಸ್’ ಶಾಸ್ತ್ರ, ಅದರೊಡನೆ ವೋವಿಯೊ ಹಾಡುವ ಪದ್ಧತಿ ಕೆನರಾದಲ್ಲಿ ಉಳಿದು, ಕೂಲಿಗೆ ಬಂದ ಕುಟುಂಬಗಳ ಜೊತೆ ಘಟ್ಟ ಹತ್ತಿದವು. ಇಂದು ರೋಸ್ ಶಾಸ್ತ್ರ ಶಿಲುಬೆಯ ಗುರುತು ಮತ್ತು ಪ್ರಾರ್ಥನೆಯೊಡನೆ ಆರಂಭವಾಗುತ್ತದೆ. ಕನ್ಯಾವಸ್ಥೆಗೆ ವಿದಾಯ ಹೇಳುವ ಶುದ್ಧಿಕ್ರಿಯೆ ಎಂದು ಅದಕ್ಕೆ ವ್ಯಾಖ್ಯಾನವಿದೆ. ಅದನ್ನು ನಡೆಸುವವರು, ಹಾಡುವವರು ಮನೆಯ ಹಿರಿಯ ಹೆಂಗಸರು. ನಿಷೇಧಿಸಿದ ಅಧಿಕಾರಕ್ಕೆ ಎದುರಾಗಿ ಇವರು ಯಾವ ವಾದವನ್ನೂ ಹೂಡಲಿಲ್ಲ. ಶಾಸ್ತ್ರವನ್ನು ಚರ್ಚಿನ ಸಂಸ್ಕಾರದೊಡನೆ ಬೆರೆಸದೆ, ಮನೆಯ ಅಂಗಳದಲ್ಲಿಯೇ ಇರಿಸಿ, ಮರ್ಯಾದೆ ಮತ್ತು ಪೂಜೆಗಳ ಭೇದವನ್ನು ನಡವಳಿಕೆಯಿಂದಲೇ ಕಾಯ್ದುಕೊಂಡರು.

ಹೊಸ ತೆನೆಯ ಹಬ್ಬದ್ದು ಬೇರೊಂದು ಕಥೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡ ಆರಂಭಿಸಿದರೆಂದು ಹೇಳಲಾಗುವ ಮೊಂತಿ ಫೆಸ್ತ್ ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮದಿನದ ಹಬ್ಬ. ಮಕ್ಕಳು ಹೂ ತಂದು ಅರ್ಪಿಸುತ್ತಾರೆ. ಗುರುಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಯಲ್ಲಿ ಆ ತೆನೆಯ ಕಾಳುಗಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಎಲ್ಲರೂ ಒಟ್ಟಿಗೆ ಸೇವಿಸುತ್ತಾರೆ. ಕರಾವಳಿಯ ಮುಂಗಾರು ಬೆಳೆಗೆ ಈ ದಿನ ಹೊಂದುತ್ತದೆ. ಮಲೆನಾಡಿನ ಗದ್ದೆ ಕೊಯ್ಲಿಗೆ ಬರುವುದು ಡಿಸೆಂಬರಿನ ಹೊತ್ತಿಗೆ. ಸೆಪ್ಟೆಂಬರಿನಲ್ಲಿ ಅಲ್ಲಿ ಪೈರು ಇನ್ನೂ ಹಸಿರು. ಹೀಗಿದ್ದೂ ಕಾಫಿ ಸೀಮೆಯಲ್ಲಿ ಹಬ್ಬ ಸೆಪ್ಟೆಂಬರ್ 8ರಂದೇ ನಡೆಯುತ್ತದೆ. ಇಲ್ಲಿ ತೆನೆಗಿಂತ ಮಾತೆಯ ಹಬ್ಬ ಮತ್ತು ಕುಟುಂಬದ ಸಹಭೋಜನ ಮುಂದೆ ಬರುತ್ತವೆ. ಬೆಳೆಯ ಹಬ್ಬವೊಂದು ಬೆಳೆಯನ್ನು ಬಿಟ್ಟು ಊರಿನ ನೆನಪಿಗೆ ಅಂಟಿಕೊಂಡ ಉದಾಹರಣೆಯಿದು. ಚರ್ಚಿನ ಪಂಚಾಂಗವೂ ತೋಟದ ಪಂಚಾಂಗವೂ ಹೀಗೆಯೇ ಒಂದನ್ನೊಂದು ತಳ್ಳಿಕೊಂಡು ನಡೆಯುತ್ತವೆ. ಕ್ರಿಸ್ಮಸ್ ಬರುವುದು ಹಣ್ಣು ಕೊಯ್ಲಿನ ನಡುವೆ. ತಪಸ್ಸುಕಾಲ ಹೂಮಳೆಯ ನಿರೀಕ್ಷೆಯ ದಿನಗಳಿಗೆ ಹೊಂದಿಕೊಳ್ಳುತ್ತದೆ.

ತೋಟದ ಲೈನುಗಳಲ್ಲಿ

ತೋಟಗಳ ಆರಂಭದ ಕಾಲದಲ್ಲಿ ಗುರುಗಳು ದೂರದಲ್ಲಿದ್ದರು. ಮಳೆಗಾಲದಲ್ಲಿ ದಾರಿಗಳು ಮುಚ್ಚುತ್ತಿದ್ದವು. ಇಂಥ ಪರಿಸ್ಥಿತಿಗೆ ಧರ್ಮಸಭೆಯ ಕಾನೂನಿನಲ್ಲಿಯೇ ಅವಕಾಶವಿದೆಯೆಂಬುದು ಹಲವರ ಗಮನಕ್ಕೆ ಬಂದಿಲ್ಲ. ಪ್ರಾಣಾಪಾಯವಿದ್ದಾಗ ಯಾರು ಬೇಕಾದರೂ ನೀರು ಸುರಿದು ಜ್ಞಾನಸ್ನಾನ ಕೊಡಬಹುದು. ಕೊಡುವವಳು ಬೇರೆ ಮತದ ಸೂಲಗಿತ್ತಿಯಾಗಿದ್ದರೂ, ಧರ್ಮಸಭೆ ಉದ್ದೇಶಿಸುವುದನ್ನೇ ಮಾಡುವ ಮನಸ್ಸು ಆಕೆಗಿದ್ದರೆ ಅದು ಸಿಂಧು. ಮದುವೆ ಗುರುಗಳ ಎದುರಿನಲ್ಲಿಯೇ ಆಗಬೇಕೆಂದು ಬಿಗಿಮಾಡಿದ 1907ರ ‘ನೆ ತೆಮೆರೆ’ ಆಜ್ಞೆಯೇ, ಒಂದು ತಿಂಗಳ ಕಾಲ ಗುರುಗಳು ದೊರೆಯದ ಸೀಮೆಯಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಆದ ಮದುವೆಯನ್ನು ಒಪ್ಪಿತು. ದಿನನಿತ್ಯದ ಭಕ್ತಿಯನ್ನು ಉಳಿಸಿದುದು ಸಂಜೆಯ ಜಪಸರ. ಕೊಂಕಣಿಯಲ್ಲಿ ‘ತೇರ್ಸ್’ ಎಂದು ಕರೆಯುವ ಈ ಪ್ರಾರ್ಥನೆಗೆ ಗುರುಗಳು ಬೇಕಿಲ್ಲ, ಓದುಬರಹವೂ ಬೇಕಿಲ್ಲ. ಕರಾವಳಿಯ ಚರ್ಚುಗಳಲ್ಲಿ ವಾಡೆಗೊಬ್ಬನಂತೆ ಇದ್ದ ಗುರ್ಕಾರನ ಸ್ಥಾನವೂ ಗೃಹಸ್ಥರ ಹೊಣೆಗಾರಿಕೆಯ ಈ ಪರಂಪರೆಗೇ ಸೇರಿದ್ದು.

ಲೈನಿನ ಬದುಕು ಒಡ್ಡಿದ ಗಟ್ಟಿ ಪ್ರಶ್ನೆ ಪ್ರಸಾದದ್ದು. ಕೊಯ್ಲಿಗೆ ಮುನ್ನ ತೋಟದ ಕಾವಲು ದೈವಕ್ಕೆ ಕೋಳಿ ಕೊಟ್ಟು ಪೂಜೆ ಮಾಡುವುದು, ಗುಳಿಗ, ಪಂಜುರ್ಲಿ, ಚೌಡಿಯರಿಗೆ ಹರಕೆ ಸಲ್ಲಿಸುವುದು ಈ ಭಾಗದಲ್ಲಿ ರೂಢಿ. ಜೊತೆಗೆ ದುಡಿಯುವವರೆಲ್ಲ ಒಂದೆಡೆ ಕುಳಿತು ಉಣ್ಣುವಾಗ ಕ್ಯಾಥೋಲಿಕ್ ಆಳು ಏನು ಮಾಡಬೇಕು? ಹೊರನಾಡಿನಲ್ಲಿ ಬಂದವರಿಗೆಲ್ಲ ಬಡಿಸುವ ಊಟ ಅವನಿಗೆ ಅನ್ನವೋ ನೈವೇದ್ಯವೋ? ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಎಂಟು ಮತ್ತು ಹತ್ತನೆಯ ಅಧ್ಯಾಯಗಳು ನೇರವಾಗಿ ಈ ಪ್ರಶ್ನೆಯನ್ನೇ ಚರ್ಚಿಸುತ್ತವೆ. ಅಲ್ಲಿನ ಉತ್ತರ ಒಂದೇ ಸಾಲಿನದಲ್ಲ. ಆಹಾರ ತನ್ನಷ್ಟಕ್ಕೆ ಮನುಷ್ಯನನ್ನು ಕೆಡಿಸುವುದಿಲ್ಲ. ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಬಹುದು. ಆದರೆ ಆರಾಧನೆಯಲ್ಲಿ ಪಾಲ್ಗೊಳ್ಳುವಂತೆ ಉಣ್ಣುವುದು ತರವಲ್ಲ, ಪಕ್ಕದಲ್ಲಿರುವ ದುರ್ಬಲ ಮನಸ್ಸಿನವನಿಗೆ ಅದು ಎಡವುವ ಕಲ್ಲಾಗುವುದೂ ಸಲ್ಲದು. ತಿನ್ನುವ ವಸ್ತುವಿಗಿಂತ ತಿನ್ನುವವನ ಉದ್ದೇಶ ಮತ್ತು ನೋಡುವವನ ಮನಸ್ಸಾಕ್ಷಿ ಇಲ್ಲಿ ನಿರ್ಣಾಯಕ. ಒಂದೇ ಪಂಕ್ತಿಯಲ್ಲಿ ಒಬ್ಬನು ಉಂಡು ಇನ್ನೊಬ್ಬನು ಉಣ್ಣದೆ ಎದ್ದರೂ ಇಬ್ಬರೂ ಅದೇ ಬೋಧನೆಗೆ ನಿಷ್ಠರಾಗಿರಲು ಸಾಧ್ಯ. ಇತರ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು 1965ರ ‘ನೊಸ್ತ್ರಾ ಎತಾತೆ’ ಘೋಷಣೆ ಹೇಳಿದ ಮೇಲೆ ಈ ಸಂದಿಗ್ಧದ ಕಾವು ಇಳಿಯಿತು. ಪ್ರಶ್ನೆಯಂತೂ ಉಳಿದೇ ಇದೆ.

ಮೈಮೇಲೆ ಬರುವುದು, ಸೋಂಕು, ಮಾಟ, ದೃಷ್ಟಿ ತಾಗುವುದು ಎರಡನೆಯ ಕ್ಷೇತ್ರ. ಪಾತ್ರಿಯ ದರ್ಶನದಲ್ಲಿ ಉತ್ತರ ಹುಡುಕುವ ಪರಿಸರದಲ್ಲಿ ಕ್ಯಾಥೋಲಿಕ್ ಕುಟುಂಬಗಳೂ ಗುರುಗಳಲ್ಲಿ ಅದೇ ಬಗೆಯ ಪರಿಹಾರವನ್ನು ನಿರೀಕ್ಷಿಸಿದ್ದು ಸಹಜ. ಈ ವಿಷಯದಲ್ಲಿ ಧರ್ಮಸಭೆಯ ನಿಲುವು ಎಚ್ಚರಿಕೆಯದು. ಯಾರಿಗಾದರೂ ದೆವ್ವ ಹಿಡಿದಿದೆಯೆಂದು ಸುಲಭವಾಗಿ ನಂಬಬಾರದೆಂಬುದು 1614ರ ರೋಮನ್ ವಿಧಿಗ್ರಂಥದ ಮೊದಲ ಸೂಚನೆ. ಧರ್ಮಾಧ್ಯಕ್ಷರ ಪ್ರತ್ಯೇಕ ಅಪ್ಪಣೆಯಿಲ್ಲದೆ ಯಾವ ಗುರುವೂ ಉಚ್ಚಾಟನೆಯ ವಿಧಿ ನಡೆಸಕೂಡದೆಂದು 1983ರ ಧರ್ಮಸಭಾ ಕಾನೂನು ವಿಧಿಸುತ್ತದೆ. 1999ರಲ್ಲಿ ಪ್ರಕಟವಾದ ಪರಿಷ್ಕೃತ ವಿಧಿಯು ಮನೋರೋಗ ಮತ್ತು ದೆವ್ವದ ಬಾಧೆಗಳನ್ನು ಬೇರ್ಪಡಿಸಿ ನೋಡುವುದನ್ನು ಮತ್ತಷ್ಟು ಒತ್ತಿಹೇಳಿತು. ಕ್ಯಾರಿಸ್ಮ್ಯಾಟಿಕ್ ಪ್ರಾರ್ಥನಾ ಕೂಟಗಳು 1970ರ ದಶಕದಿಂದ ಭಾರತದಲ್ಲಿ ಹರಡಿ, ಮುಲ್ಕಿಯ ಡಿವೈನ್ ಕಾಲ್ ಸೆಂಟರಿನಂಥ ಧ್ಯಾನಕೇಂದ್ರಗಳು ಜನರನ್ನು ಸೆಳೆಯತೊಡಗಿದಾಗ ಸೌಖ್ಯಪ್ರಾರ್ಥನೆಯ ಪ್ರಶ್ನೆ ಮುಂದೆ ಬಂದಿತು. ಇಂಥ ಕೂಟಗಳಲ್ಲಿ ಉನ್ಮಾದ, ಕೃತಕತೆ, ಪ್ರದರ್ಶನಗಳಿಗೆ ಎಡೆಯಿರಬಾರದೆಂದು ರೋಮ್ 2000ದಲ್ಲಿ ಸೂಚಿಸಿತು. ಚಿಕಿತ್ಸೆ ಬೇಕಾದ ರೋಗಿಯನ್ನು ಆಸ್ಪತ್ರೆಯಿಂದ ದೂರವಿಡುವ ಭಕ್ತಿ ವಿಶ್ವಾಸವಲ್ಲವೆಂಬುದು ಈ ಎಲ್ಲ ನಿಯಮಗಳ ತಾತ್ಪರ್ಯ.

ಸಂತರು ಮತ್ತು ಹರಕೆಗಳು

ಕಾಫಿ ಸೀಮೆ 1963ರವರೆಗೆ ಸೇರಿದ್ದ ಮೈಸೂರು ಧರ್ಮಪ್ರಾಂತ್ಯದಲ್ಲಿ ಅಧಿಕಾರ ಮತ್ತು ಜನಭಕ್ತಿಗಳ ಸಂಬಂಧವನ್ನು ತೋರಿಸುವ ಒಂದು ಸ್ಪಷ್ಟ ನಿದರ್ಶನವಿದೆ. ರೋಮಿನ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ 1802ರಲ್ಲಿ ದೊರೆತ ಅಸ್ಥಿಗಳಿಂದ ಸಂತ ಫಿಲೋಮಿನಾಳ ಭಕ್ತಿ ಆರಂಭವಾಯಿತು. 1837ರಲ್ಲಿ ಅದಕ್ಕೆ ಸಾರ್ವಜನಿಕ ಆಚರಣೆಯ ಅನುಮತಿ ದೊರೆಯಿತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಮೈಸೂರಿನ ಚರ್ಚು ಆಕೆಯ ಹೆಸರನ್ನು ನಾಡಿಗೆಲ್ಲ ಪರಿಚಯಿಸಿತು. ಹೆಣ್ಣುಮಕ್ಕಳ ಹೆಸರಾಗಿ ಫಿಲೋಮಿನಾ ಮನೆಮನೆಯ ಮಾತಾಯಿತು. ಆಕೆಯ ಚರಿತ್ರೆಗೆ ಸಾಕಷ್ಟು ಆಧಾರವಿಲ್ಲವೆಂದು ಕಂಡುಬಂದು 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಎಲ್ಲ ಪಂಚಾಂಗಗಳಿಂದ ತೆಗೆಯಿಸಿತು. ಆದರೆ ಚರ್ಚಿನ ಹೆಸರು ಬದಲಾಗಲಿಲ್ಲ, ಜನರ ಹರಕೆಯೂ ನಿಲ್ಲಲಿಲ್ಲ. ಪೂಜಾವಿಧಿಯ ಪಂಚಾಂಗದಿಂದ ತೆಗೆಯುವುದು ಒಂದು, ಖಾಸಗಿ ಭಕ್ತಿಯನ್ನು ನಿಷೇಧಿಸುವುದು ಇನ್ನೊಂದು. ಮೊದಲನೆಯದನ್ನಷ್ಟೇ ಮಾಡಿದ ಅಧಿಕಾರ ಎರಡನೆಯದರಿಂದ ದೂರವೇ ಉಳಿಯಿತು.

ಕಳಸದಿಂದ ಕುದುರೆಮುಖದ ಮಾರ್ಗವಾಗಿ ಘಟ್ಟವಿಳಿದರೆ ಕಾರ್ಕಳ, ಅದರ ಪಕ್ಕದಲ್ಲಿ ಅತ್ತೂರು. ಜನವರಿಯಲ್ಲಿ ನಡೆಯುವ ಅಲ್ಲಿನ ಸಂತ ಲಾರೆನ್ಸರ ವಾರ್ಷಿಕ ಉತ್ಸವಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಟಿಪ್ಪುವಿನ ಸೆರೆಯಿಂದ ಮರಳಿದವರು ಸಂತರ ಪ್ರತಿಮೆಯನ್ನು ಹೊತ್ತು ನಡೆಯುತ್ತಿದ್ದಾಗ ಒಂದೆಡೆ ಅದು ಮೇಲೇಳದೆ ನಿಂತುಬಿಟ್ಟಿತೆಂದೂ ಅಲ್ಲಿಯೇ ಚರ್ಚು ಕಟ್ಟಲಾಯಿತೆಂದೂ ಐತಿಹ್ಯವಿದೆ. ಕರ್ನಾಟಕದ ಎಷ್ಟೋ ಗ್ರಾಮದೇವತೆಗಳ ಸ್ಥಳಪುರಾಣಗಳಲ್ಲಿ ಬರುವ ಆಶಯವೇ ಇದು. ಧರ್ಮಸಭೆಯ ದೃಷ್ಟಿಯಲ್ಲಿ ಐತಿಹ್ಯವು ವಿಶ್ವಾಸದ ವಿಷಯವಲ್ಲ. ಅಲ್ಲಿ ನಡೆಯುವ ಪ್ರಾರ್ಥನೆ, ಪಾಪನಿವೇದನೆ, ದಾನಗಳು ಅದಕ್ಕೆ ಮುಖ್ಯ. ಆ ಕ್ಷೇತ್ರ 2016ರಲ್ಲಿ ಬೆಸಿಲಿಕಾ ಪದವಿಗೇರಿತು. ಹೀಗೆ ಪದವಿ ಕೊಡುವುದರಿಂದ ಪ್ರತಿಮೆಯ ಕಥೆಯನ್ನು ಪ್ರಮಾಣೀಕರಿಸಿದಂತಾಗುವುದಿಲ್ಲ. ಜನಭಕ್ತಿಯನ್ನು ಗೌರವಿಸಬೇಕು, ತಿದ್ದಬೇಕಾದಲ್ಲಿ ಮೆಲ್ಲನೆ ತಿದ್ದಬೇಕು ಎಂಬ ದಿಕ್ಕಿನಲ್ಲಿ 2001ರ ಜನಭಕ್ತಿಯ ಮಾರ್ಗದರ್ಶಿ ಮಾತನಾಡಿತು. ಅಲೌಕಿಕವೆನ್ನಲಾಗುವ ಘಟನೆಗಳ ಪರಿಶೀಲನೆಗೆ 1978ರಲ್ಲಿ ರೂಪಿಸಿದ್ದ ನಿಯಮಗಳನ್ನು 2024ರ ಮೇ 17ರಂದು ರೋಮ್ ಬದಲಿಸಿತು. ಹೊಸ ನಿಯಮಗಳಂತೆ ಧರ್ಮಾಧ್ಯಕ್ಷರು ಸಾಮಾನ್ಯವಾಗಿ ಘಟನೆ ಅಲೌಕಿಕವೆಂದು ಘೋಷಿಸುವುದಿಲ್ಲ. ಭಕ್ತಿಗೆ ಅಡ್ಡಿಯಿಲ್ಲವೆಂಬುದರಿಂದ ಹಿಡಿದು ಸಂಪೂರ್ಣ ನಿರಾಕರಣೆಯವರೆಗೆ ಆರು ಬಗೆಯ ತೀರ್ಮಾನಗಳಿಗೆ ಅವಕಾಶವಿದೆ.

1963ರ ನಂತರ

ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದ ಹದಿನೆಂಟು ದಿನಗಳಿಗೆ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಸಂವಿಧಾನವನ್ನು ಅಂಗೀಕರಿಸಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಮೊದಲ ಧರ್ಮಾಧ್ಯಕ್ಷರಾದ ಪಾಂಗಾಳದ ಆಲ್ಫೋನ್ಸಸ್ ಮಥಾಯಸ್ (1928–2024) ಆ ಮಹಾಸಭೆಯ ಅಧಿವೇಶನಗಳಲ್ಲಿ ಭಾಗವಹಿಸಿದವರು. ಮುಂದೆ ಬೆಂಗಳೂರಿನ ಆರ್ಚ್‌ಬಿಷಪ್ಪರಾದರು. ಲ್ಯಾಟಿನ್ ಸರಿದ ಮೇಲೆ ಬಲಿಪೂಜೆ ಕನ್ನಡದಲ್ಲಿರಬೇಕೋ ಕೊಂಕಣಿಯಲ್ಲಿಯೋ ತಮಿಳಿನಲ್ಲಿಯೋ ಎಂಬ ಪ್ರಶ್ನೆ ಈ ಬಹುಭಾಷಾ ಸೀಮೆಗೆ ಹೊಸದಾಗಿ ಬಂದಿತು. ಅರ್ಥವಾಗದ ಭಾಷೆಯಲ್ಲಿ ಎಲ್ಲರೂ ಸಮಾನರಾಗಿದ್ದರು. ಅರ್ಥವಾಗುವ ಭಾಷೆ ಬಂದಾಗ ಯಾರ ಭಾಷೆಯೆಂಬುದು ಅಧಿಕಾರದ ವಿಷಯವಾಯಿತು.

ಆಚರಣೆಗಳ ಗೆರೆಯೂ ಇದೇ ಅವಧಿಯಲ್ಲಿ ಸರಿಯಿತು. ಕಾಲಕ್ರಮದಲ್ಲಿ ಕಟ್ಟಳೆಗಳ ಅರ್ಥ ಬದಲಾಗುತ್ತದೆ, ಒಮ್ಮೆ ಪೂಜೆಯಾಗಿದ್ದುದು ಬರಿಯ ಲೌಕಿಕ ಗೌರವವಾಗಬಹುದು ಎಂಬ ಆಧಾರದ ಮೇಲೆ 1939ರಲ್ಲಿ ಚೀನಾದ ಆಚರಣೆಗಳಿಗೆ ರೋಮ್ ರಿಯಾಯಿತಿ ಕೊಟ್ಟಿತ್ತು. 1940ರಲ್ಲಿ ಭಾರತದ ಮಿಷನರಿಗಳು 1744ರ ನಿಷೇಧಗಳ ಬಗ್ಗೆ ಮಾಡಬೇಕಾಗಿದ್ದ ಪ್ರಮಾಣವನ್ನು ರದ್ದುಪಡಿಸಿತು. 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ ಆರಂಭವಾಯಿತು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರು ಕೋರಿದ ಹನ್ನೆರಡು ಅಂಶಗಳಿಗೆ ರೋಮ್ ಸಮ್ಮತಿಸಿತು. ಕೈಮುಗಿಯುವುದು, ಪಾದರಕ್ಷೆ ಬಿಟ್ಟು ನೆಲದ ಮೇಲೆ ಕುಳಿತುಕೊಳ್ಳುವುದು, ಎಣ್ಣೆದೀಪ ಹಚ್ಚುವುದು, ಆರತಿ ಬೆಳಗುವುದು ಅವುಗಳಲ್ಲಿ ಸೇರಿದ್ದವು. ಇದಕ್ಕೆ ವಿರೋಧ ಬಂದುದು ಗೃಹಸ್ಥರಿಂದಲೇ. ಪೂರ್ವಜರು ಬಿಟ್ಟುಕೊಟ್ಟುದನ್ನು ಈಗ ಗುರುಗಳೇ ಮರಳಿ ತರುತ್ತಿದ್ದಾರೆಂಬ ಆಕ್ಷೇಪ ಹಲವೆಡೆ ಕೇಳಿಬಂದಿತು. ಆ ಆಕ್ಷೇಪವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ನಿಷೇಧಕ್ಕೆ ವಿಧೇಯರಾಗಿ ನೆರೆಹೊರೆಯವರಿಂದ ಬೇರೆಯಾಗಿ ನಿಂತ ತಲೆಮಾರುಗಳು ಅದಕ್ಕಾಗಿ ಬೆಲೆ ತೆತ್ತಿದ್ದವು.

ಮರ್ಯಾದೆಯ ಹೆಸರಿನ ಎಲ್ಲವೂ ಹೀಗೆ ಕ್ಷಮ್ಯವಾಗಲಿಲ್ಲ. ಜಾತಿಭೇದವು ಧರ್ಮಸಭೆಯೊಳಗೆ ಉಳಿದುಕೊಂಡಿರುವುದನ್ನು ಭಾರತದ ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಮಂಡಳಿ 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡು, ಅದನ್ನು ಪಾಪವೆಂದು ಖಂಡಿಸಿತು. 1704ರ ಆಜ್ಞೆಯಲ್ಲಿ ತಾಳಿಯನ್ನು ಕುರಿತ ಕಲಮು ತನ್ನ ತೂಕ ಕಳೆದುಕೊಂಡಿತು. ದಲಿತರ ಮನೆಯ ಹೊಸ್ತಿಲನ್ನು ಕುರಿತ ಕಲಮು ಮೂರು ಶತಮಾನಗಳ ಮೇಲೆಯೂ ಈಡೇರದ ಸಾಲವಾಗಿ ಉಳಿದಿದೆ.

ಸಮಾರೋಪ

ಕಾಫಿ ಸೀಮೆಯ ಕ್ಯಾಥೋಲಿಕ್ ಜನಪದದಲ್ಲಿ ಅಧಿಕಾರ ಮತ್ತು ಆಚರಣೆಗಳು ಎದುರುಬದುರಾಗಿ ನಿಂತ ಎರಡು ಪಾಳೆಯಗಳಲ್ಲ. ಅವಸರದ ನಿಷೇಧಗಳು ಕಾಲಾಂತರದಲ್ಲಿ ಹಿಂತೆಗೆಯಲ್ಪಟ್ಟಿವೆ. ತಾಳ್ಮೆಯಿಂದ ಪರೀಕ್ಷಿಸಿ, ಭಕ್ತಿಯ ಮಟ್ಟಗಳನ್ನು ಬೇರ್ಪಡಿಸಿದ ತೀರ್ಮಾನಗಳು ಬಾಳಿವೆ. ಯಾವ ಆಚರಣೆ ಮರ್ಯಾದೆ, ಯಾವುದು ಪೂಜೆ ಎಂಬುದು ಆಚರಣೆಯ ಹೊರರೂಪದಿಂದ ತಿಳಿಯುವಂಥದಲ್ಲ. ಅದನ್ನು ನಡೆಸುವವರ ಅರ್ಥವನ್ನು ಕೇಳಬೇಕು, ಅದು ಯಾರನ್ನು ಪಂಕ್ತಿಯಿಂದ ಹೊರಗಿಡುತ್ತದೆಂಬುದನ್ನೂ ಕೇಳಬೇಕು. ಮೊದಲನೆಯ ಪ್ರಶ್ನೆಯನ್ನು ಕೇಳಿದ ಮೈಸೂರಿನ ಹಳೆಯ ಗುರುಗಳು ಎರಡನೆಯದನ್ನು ಬಿಟ್ಟರು. ಎರಡನೆಯದನ್ನು ಕೇಳಿದ ಟೂರ್ನೋ ಮೊದಲನೆಯದನ್ನು ಬಿಟ್ಟನು. ಜಾನಪದ ಅಧ್ಯಯನವೂ ಆಚರಣೆಗಳನ್ನು ದಾಖಲಿಸುವಾಗ ಇವೆರಡನ್ನೂ ಒಟ್ಟಿಗೆ ಕೇಳುವುದು ಅಗತ್ಯ. ರೋಸ್ ಹಾಡುವ ಹಿರಿಯರಿಂದಲೂ, ಪಂಕ್ತಿಯ ಕೊನೆಯಲ್ಲಿ ಕುಳಿತವರಿಂದಲೂ ಉತ್ತರ ಪಡೆಯುವ ಅಧ್ಯಯನದಿಂದ ಮಾತ್ರ ಈ ಸೀಮೆಯ ಧಾರ್ಮಿಕ ಚರಿತ್ರೆ ಪೂರ್ಣವಾಗಿ ಹೊರಬರಬಲ್ಲದು.